ನಿವೃತ್ತ ಪೊಲೀಸ್ ಅಧಿಕಾರಿಯ ಖಾಸಗಿ ಭದ್ರತಾ ಸಂಸ್ಥೆ: ಪರವಾನಗಿಯಿಂದ ಸಂಬಳದ ದಿನದವರೆಗೆ

ಪ್ರಶ್ನೆ: ನಾನು ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿ ಸೇರಿ, ಇನ್‌ಸ್ಪೆಕ್ಟರ್ ಹುದ್ದೆಯಿಂದ ಕಳೆದ ವರ್ಷ ವಯೋನಿವೃತ್ತಿ ಹೊಂದಿದ್ದೇನೆ. ಅಪಾರ್ಟ್‌ಮೆಂಟ್, ಕಾರ್ಖಾನೆ, ಆಸ್ಪತ್ರೆಗಳಿಗೆ ಗಾರ್ಡ್‌ಗಳನ್ನು ಒದಗಿಸುವ ಸಂಸ್ಥೆಯೊಂದನ್ನು ಆರಂಭಿಸುವ ಆಲೋಚನೆ ಇದೆ. ನನ್ನ ಸೇವಾನುಭವಕ್ಕೆ ಪರವಾನಗಿಯಲ್ಲಿ ಏನಾದರೂ ರಿಯಾಯಿತಿ ಸಿಗುತ್ತದೆಯೇ? ನಿವೃತ್ತ ಪೇದೆಗಳನ್ನೇ ಗಾರ್ಡ್‌ಗಳಾಗಿ ತೆಗೆದುಕೊಳ್ಳಬಹುದೇ? ನಿವೃತ್ತಿಯ ವೇಳೆ ಬಂದ ಹಣದಲ್ಲಿ ಎಷ್ಟನ್ನು ತೊಡಗಿಸಬೇಕಾಗುತ್ತದೆ? ಇನ್ನೂ ಸೇವೆಯಲ್ಲಿರುವ ಗೆಳೆಯರೊಬ್ಬರು ಪಾಲುದಾರರಾಗಲು ಮುಂದೆ ಬಂದಿದ್ದಾರೆ, ಸೇರಿಸಿಕೊಳ್ಳಬಹುದೇ?

ಉತ್ತರ: ನೀವು ಈ ಸಂಸ್ಥೆಯನ್ನು ಆರಂಭಿಸಲು ಕಾನೂನಿನ ಅಡ್ಡಿಯಿಲ್ಲ. ನಿಮ್ಮ ಹಿನ್ನೆಲೆಯವರಿಗೆ ಈ ಕ್ಷೇತ್ರದಲ್ಲಿ ನಿಜವಾದ ಅನುಕೂಲವೂ ಇದೆ. ಆದರೆ ಆ ಅನುಕೂಲ ಬಹುತೇಕರು ಭಾವಿಸುವ ಜಾಗದಲ್ಲಿ ಇರುವುದಿಲ್ಲ. ಠಾಣೆಯಲ್ಲಿ ನಿಮಗಿದ್ದ ಅಧಿಕಾರ ಹುದ್ದೆಯೊಂದಿಗೇ ಉಳಿದುಹೋಗಿದೆ, ಅದರ ಒಂದಂಶವೂ ಸಂಸ್ಥೆಗೆ ಬರುವುದಿಲ್ಲ. ನಿಮ್ಮೊಂದಿಗೆ ಬರುವುದು ಬೀಟ್ ವ್ಯವಸ್ಥೆ, ರೋಲ್ ಕಾಲ್, ದಾಖಲೆ ಬರೆಯುವ ಶಿಸ್ತು ಮತ್ತು ಒಂದು ಜಾಗವನ್ನು ನೋಡಿದ ಕೂಡಲೇ ಅದರ ದುರ್ಬಲ ಮೂಲೆ ಯಾವುದೆಂದು ಗುರುತಿಸುವ ಕಣ್ಣು. ಇವುಗಳ ಜೊತೆಗೆ ಇಲಾಖೆ ನಿಮಗೆ ಎಂದೂ ಕಲಿಸಬೇಕಾಗಿ ಬಾರದಿದ್ದ ಇನ್ನೊಂದು ವಿದ್ಯೆ ಬೇಕು: ಗ್ರಾಹಕರು ಹಣ ಕೊಟ್ಟಿರಲಿ ಬಿಡಲಿ, ಪ್ರತಿ ತಿಂಗಳೂ ಗಾರ್ಡ್‌ಗಳಿಗೆ ತಪ್ಪದೆ ಸಂಬಳ ಕೊಡುವುದು. ಭದ್ರತಾ ಸಂಸ್ಥೆಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ ಆದ್ದರಿಂದ, ಪರವಾನಗಿಯ ವಿಷಯ ಮುಗಿಸಿದ ನಂತರ ಇದರ ಬಗ್ಗೆ ಹೆಚ್ಚು ವಿವರವಾಗಿ ಬರೆಯುತ್ತೇನೆ.

ಈ ವ್ಯವಹಾರವನ್ನು ನಿಯಂತ್ರಿಸುವುದು ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆ, 2005. ಕ್ಷೇತ್ರದವರು ಇದನ್ನು ‘ಪಸಾರಾ’ ಎಂದೇ ಕರೆಯುತ್ತಾರೆ. 2006ರ ಮಾರ್ಚ್ 15ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ, ರಾಜ್ಯದ ನಿಯಂತ್ರಣ ಪ್ರಾಧಿಕಾರದಿಂದ ಪರವಾನಗಿ ಪಡೆಯದೆ ಯಾರೂ ಖಾಸಗಿ ಭದ್ರತಾ ವ್ಯವಹಾರ ನಡೆಸುವಂತಿಲ್ಲ. ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ನಿಗದಿಪಡಿಸಿದ ಶುಲ್ಕ ಒಂದು ಜಿಲ್ಲೆಗೆ 5,000 ರೂಪಾಯಿ, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000. ಪರವಾನಗಿಯ ಅವಧಿ ಐದು ವರ್ಷ. ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯುವುದಿಲ್ಲವಾದ್ದರಿಂದ, ಗಡಿಯಾಚೆಗೆ ಒಂದೇ ಒಂದು ಸೈಟ್ ಒಪ್ಪಿಕೊಂಡರೂ ಅಲ್ಲಿ ಬೇರೆ ಪರವಾನಗಿ ಪಡೆಯಬೇಕು. ಆರಂಭದಲ್ಲಿ ಒಂದು ಜಿಲ್ಲೆಗೆ ಅಥವಾ ಐದು ಜಿಲ್ಲೆಗಳಿಗೆ ಸೀಮಿತವಾಗಿ ಅರ್ಜಿ ಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಶುಲ್ಕದ ವ್ಯತ್ಯಾಸ ದೊಡ್ಡದೇನಲ್ಲ, ಆದರೆ ನೀವೇ ಹೋಗಿ ರಾತ್ರಿ ತಪಾಸಣೆ ಮಾಡಲಾಗದಷ್ಟು ದೂರದ ಸೈಟ್‌ಗಳು ಮೊದಲ ವರ್ಷದಲ್ಲಿ ನಿಮ್ಮ ಹೆಸರು ಕೆಡಿಸುತ್ತವೆ.

ನಿಮ್ಮಂಥವರಿಗೆ ನಿರ್ದಿಷ್ಟವಾಗಿ ಸಂಬಂಧಿಸಿದ ಕಲಂ ಎಂದರೆ ಅನರ್ಹತೆಯನ್ನು ಹೇಳುವ 6ನೆಯದು. ದುರ್ನಡತೆ ಅಥವಾ ನೈತಿಕ ಅಧಃಪತನದ ಕಾರಣಕ್ಕೆ ಸರ್ಕಾರಿ ಸೇವೆಯಿಂದ ವಜಾಗೊಂಡವರಿಗೆ ಅಥವಾ ತೆಗೆದುಹಾಕಲ್ಪಟ್ಟವರಿಗೆ ಪರವಾನಗಿ ಸಿಗುವುದಿಲ್ಲ. ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವನ್ನು ಶಿಕ್ಷೆಯಾಗಿ ಗೊತ್ತುಪಡಿಸಿದ ಅಪರಾಧದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದವರಿಗೂ ಸಿಗುವುದಿಲ್ಲ. ನೀವು ವಯೋನಿವೃತ್ತಿ ಹೊಂದಿರುವುದರಿಂದ ಇವು ನಿಮಗೆ ಅಡ್ಡಿಯಾಗಲಾರವು. ಆದರೆ ಅರ್ಜಿಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ನಿಮ್ಮ ಮೇಲೆ ಠಾಣೆಯಲ್ಲಿ ದಾಖಲಾದ ಅಥವಾ ನ್ಯಾಯಾಲಯದಲ್ಲಿ ಬಾಕಿಯಿರುವ ಪ್ರಕರಣಗಳನ್ನೂ ತಿಳಿಸಬೇಕಾಗುತ್ತದೆ. ತನಿಖಾಧಿಕಾರಿಯಾಗಿ ಕೆಲಸ ಮಾಡಿದವರ ಮೇಲೆ ಆರೋಪಿಯ ಕಡೆಯವರು ಹೂಡಿದ ಖಾಸಗಿ ದೂರು ಯಾವುದೋ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಉಳಿದಿರುವುದು ಅಪರೂಪವಲ್ಲ, ಅದನ್ನು ಕರ್ತವ್ಯದ ಭಾಗವೆಂದು ಮರೆತುಬಿಡುವುದೂ ಸಹಜ. ದಯವಿಟ್ಟು ಮರೆಯಬೇಡಿ. ಬಾಕಿಯಿರುವ ಪ್ರಕರಣವೊಂದು ತನ್ನಷ್ಟಕ್ಕೇ ಪರವಾನಗಿಯನ್ನು ತಪ್ಪಿಸದಿರಬಹುದು, ಆದರೆ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಪರವಾನಗಿಯನ್ನು ರದ್ದುಪಡಿಸಲು 13ನೇ ಕಲಂ ಸ್ಪಷ್ಟ ಅವಕಾಶ ಕೊಡುತ್ತದೆ.

ಪರವಾನಗಿ ಕೈಗೆ ಬಂದ ದಿನದಿಂದ ಕೆಲವು ಗಡುವುಗಳು ಓಡತೊಡಗುತ್ತವೆ. 60 ದಿನಗಳೊಳಗೆ ಮೇಲ್ವಿಚಾರಕರನ್ನು ನೇಮಿಸಬೇಕು, ಆರು ತಿಂಗಳೊಳಗೆ ಕೆಲಸ ಆರಂಭಿಸಬೇಕು. ಕೇಂದ್ರದ ಮಾದರಿ ನಿಯಮಗಳು 15 ಗಾರ್ಡ್‌ಗಳಿಗಿಂತ ಹೆಚ್ಚು ಮಂದಿಯನ್ನು ಒಬ್ಬ ಮೇಲ್ವಿಚಾರಕರ ಕೈಗೆ ಕೊಡಬಾರದೆಂದೂ, ಗಾರ್ಡ್‌ಗಳು ಬೇರೆಬೇರೆ ಸ್ಥಳಗಳಲ್ಲಿ ಚದುರಿದ್ದು ಒಬ್ಬರಿಂದ ನೋಡಿಕೊಳ್ಳಲು ಆಗದಿದ್ದರೆ ಆರು ಮಂದಿಗಾದರೂ ಒಬ್ಬರಿರಬೇಕೆಂದೂ ಹೇಳುತ್ತವೆ. ಇದನ್ನು ಕೊಟೇಶನ್ ಹಾಕುವಾಗ ನೆನಪಿನಲ್ಲಿಡಿ: ಇಬ್ಬಿಬ್ಬರು ಗಾರ್ಡ್‌ಗಳ ಹತ್ತು ಸಣ್ಣ ಸೈಟ್‌ಗಳಿಗಿಂತ ಇಪ್ಪತ್ತು ಗಾರ್ಡ್‌ಗಳ ಒಂದೇ ಸೈಟ್‌ಗೆ ಮೇಲ್ವಿಚಾರಣೆಯ ವೆಚ್ಚ ಎಷ್ಟೋ ಕಡಿಮೆ. ರಾಜ್ಯಗಳು ತಮ್ಮದೇ ನಿಯಮಗಳನ್ನು ಮಾಡಿಕೊಂಡಿರುವುದರಿಂದ, ಅರ್ಜಿಗೆ ಮುನ್ನ ಕರ್ನಾಟಕದ ನಿಯಮಗಳ ಈಗಿನ ಪ್ರತಿಯನ್ನು ಮುಂದಿಟ್ಟುಕೊಂಡು ಇವೆಲ್ಲವನ್ನೂ ಹೋಲಿಸಿ ನೋಡುವುದು ಅಗತ್ಯ.

ಈಗ ರಿಯಾಯಿತಿಯ ಪ್ರಶ್ನೆ. ಪರವಾನಗಿಯ ವಿಷಯದಲ್ಲಿ ನಿವೃತ್ತ ಪೊಲೀಸರಿಗೆ ಪ್ರತ್ಯೇಕ ದಾರಿ ಇಲ್ಲ. ಶುಲ್ಕವೂ ಒಂದೇ, ಪೂರ್ವಾಪರ ಪರಿಶೀಲನೆಯೂ ಒಂದೇ. ಪ್ರಾಧಿಕಾರ ನಿಗದಿಪಡಿಸಿದ ತರಬೇತಿಯನ್ನು ಪರವಾನಗಿದಾರರೂ ಪೂರೈಸಬೇಕೆಂಬ ಷರತ್ತು ಮಾದರಿ ನಿಯಮಗಳಲ್ಲಿದೆ. ರಿಯಾಯಿತಿ ಇರುವುದು ನೀವು ನೇಮಿಸಿಕೊಳ್ಳುವವರ ವಿಷಯದಲ್ಲಿ. ಹೊಸಬರಾದ ಗಾರ್ಡ್‌ಗೆ ಕನಿಷ್ಠ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಬೇಕು, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ ಹರಡಿರಬೇಕು. ಮಾಜಿ ಸೈನಿಕರಿಗೆ ಮತ್ತು ಮಾಜಿ ಪೊಲೀಸರಿಗೆ 40 ಗಂಟೆ ತರಗತಿ, 16 ಗಂಟೆ ಕ್ಷೇತ್ರ ತರಬೇತಿ, ಕನಿಷ್ಠ ಏಳು ದಿನಗಳಲ್ಲಿ ಮುಗಿದರೆ ಸಾಕು. ನೇಮಕಾತಿಯಲ್ಲಿ ಸೇನೆ, ಪೊಲೀಸ್ ಮತ್ತು ಗೃಹರಕ್ಷಕ ದಳದಲ್ಲಿ ಸೇವೆ ಸಲ್ಲಿಸಿದವರಿಗೆ ಆದ್ಯತೆ ಕೊಡಬಹುದೆಂದು ಕಾಯ್ದೆಯೇ ಹೇಳುತ್ತದೆ, ಮೇಲ್ವಿಚಾರಕರಾದರೆ ಆ ಆದ್ಯತೆಗೆ ಅಂಥ ಸೇವೆ ಕನಿಷ್ಠ ಮೂರು ವರ್ಷ ಇರಬೇಕು.

ಹಾಗೆಂದು ನಿವೃತ್ತ ಪೇದೆಗಳಿಂದಲೇ ಸಂಸ್ಥೆಯನ್ನು ತುಂಬಿಸುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಗಾರ್ಡ್ ಆಗಿರಲು 65 ವರ್ಷ ತುಂಬಿರಬಾರದು. 60ಕ್ಕೆ ನಿವೃತ್ತರಾದವರು ನಿಮಗೆ ಸಿಗುವುದು ಹೆಚ್ಚೆಂದರೆ ಐದು ವರ್ಷ. ಆ ಐದು ವರ್ಷಗಳಲ್ಲೂ ಮಾದರಿ ನಿಯಮಗಳ ಪ್ರಕಾರ ಪ್ರತಿ 12 ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ದೃಷ್ಟಿ ಸರಿಯಿರಬೇಕು, ಬಣ್ಣಗುರುಡು ಇರಬಾರದು. ಮೂವತ್ತು ವರ್ಷ ರಾತ್ರಿಪಾಳಿ, ಬಂದೋಬಸ್ತು ಎಂದು ದುಡಿದ ದೇಹವನ್ನು ಮತ್ತೆ ಗೇಟಿನ ಬಳಿ ಎಂಟು ಗಂಟೆ ನಿಲ್ಲಿಸುವುದು ಅವರಿಗೂ ನ್ಯಾಯವಲ್ಲ. ಅಂಥವರನ್ನು ಮೇಲ್ವಿಚಾರಕರಾಗಿ, ಫೀಲ್ಡ್ ಆಫೀಸರ್‌ಗಳಾಗಿ, ತರಬೇತುದಾರರಾಗಿ ತೆಗೆದುಕೊಳ್ಳಿ. ಠಾಣೆಯ ಬರಹಗಾರರಾಗಿದ್ದ ಒಬ್ಬ ಹೆಡ್‌ಕಾನ್‌ಸ್ಟೆಬಲ್ ಸಿಕ್ಕರೆ ಬಿಡಬೇಡಿ. ಗಾರ್ಡ್‌ಗಳ ಹೆಸರು, ವಿಳಾಸ, ಭಾವಚಿತ್ರ, ಸಂಬಳ, ಗ್ರಾಹಕರ ವಿವರ ಎಲ್ಲವನ್ನೂ ಒಳಗೊಂಡ ರಿಜಿಸ್ಟರನ್ನು ಕಾಯ್ದೆ ಕಡ್ಡಾಯ ಮಾಡಿದೆ. ಅದನ್ನು ತಪಾಸಣೆಗೆ ಯಾವ ದಿನ ಕೇಳಿದರೂ ತೋರಿಸುವ ಸ್ಥಿತಿಯಲ್ಲಿಡುವ ಕೈ ಸುಲಭವಾಗಿ ಸಿಗುವಂಥದ್ದಲ್ಲ. ಮಹಿಳೆಯರ ತಪಾಸಣೆಗೆ ಮಹಿಳಾ ಗಾರ್ಡ್‌ಗಳೇ ಬೇಕಾದ್ದರಿಂದ, ಆಸ್ಪತ್ರೆ, ಕಾರ್ಖಾನೆಗಳತ್ತ ಹೋಗುವ ನೀವು ಅವರ ನೇಮಕಾತಿಯನ್ನೂ ಮೊದಲಿನಿಂದಲೇ ಯೋಜಿಸಬೇಕು.

ಸಮವಸ್ತ್ರ ಮತ್ತು ಹೆಸರಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನು, ಅದರಂತೆ ಕಾಣುವ ಅಥವಾ ಅದರ ವಿಶಿಷ್ಟ ಗುರುತುಗಳಿರುವ ಉಡುಪನ್ನು ಗಾರ್ಡ್ ಧರಿಸಿದರೆ, ಕಾಯ್ದೆಯ 21ನೇ ಕಲಂ ಅಡಿಯಲ್ಲಿ ಗಾರ್ಡ್ ಮಾತ್ರವಲ್ಲ, ಸಂಸ್ಥೆಯ ಮಾಲೀಕರೂ ಶಿಕ್ಷೆಗೆ ಗುರಿಯಾಗುತ್ತಾರೆ. ಲೆಟರ್‌ಹೆಡ್, ಜಾಹೀರಾತು, ಫಲಕ ಯಾವುದರಲ್ಲಾದರೂ ನಿಮ್ಮದು ಸರ್ಕಾರದ ಅಂಗಸಂಸ್ಥೆ ಎಂಬ ಭಾವನೆ ಹುಟ್ಟಿಸಿದರೆ ಅದು ಪರವಾನಗಿ ರದ್ದತಿಗೆ ಕಾರಣ. ಸರ್ಕಾರಿ ನೌಕರನೆಂದು ಸೋಗು ಹಾಕುವುದಂತೂ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಅಡಿಯಲ್ಲಿ ಪ್ರತ್ಯೇಕ ಅಪರಾಧ. ನಿಮ್ಮ ಕಾರ್ಡಿನ ಮೇಲೆ ‘ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್’ ಎಂದು ಬರೆಯುವುದು ಸತ್ಯವೇ ಆದ್ದರಿಂದ ತಪ್ಪಲ್ಲ. ಆದರೆ ಇಲಾಖೆಯ ಲಾಂಛನ, ಖಾಕಿಗೆ ಹತ್ತಿರದ ಬಣ್ಣ, ಹೆಗಲ ಮೇಲೆ ನಕ್ಷತ್ರಗಳು, ವಾಹನದ ಗಾಜಿನ ಮೇಲೆ ‘ಪೊಲೀಸ್’ ಎಂಬ ಅಕ್ಷರ ಇವು ಯಾವುವೂ ಬೇಡ. ಗಾರ್ಡ್‌ಗಳು ನಿಮ್ಮನ್ನು ನೋಡಿ ಕಲಿಯುತ್ತಾರೆ, ನೀವು ಹಳೆಯ ಹುದ್ದೆಯ ಧ್ವನಿಯಲ್ಲಿ ಮಾತನಾಡಿದರೆ ಗೇಟಿನಲ್ಲಿರುವ ಹುಡುಗನೂ ಹಾಗೆಯೇ ಮಾತನಾಡುತ್ತಾನೆ.

ಇದು ಅಧಿಕಾರದ ಪ್ರಶ್ನೆಗೆ ತರುತ್ತದೆ. ನಿಮ್ಮ ಗಾರ್ಡ್ ಕಾನೂನಿನ ಕಣ್ಣಿನಲ್ಲಿ ಒಬ್ಬ ಸಾಮಾನ್ಯ ಪ್ರಜೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಖಾಸಗಿ ವ್ಯಕ್ತಿಗೆ ಬಂಧಿಸಲು ಅವಕಾಶ ಕೊಡುವುದು ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ ಆದ ಅಪರಾಧ ಅವನ ಎದುರಿಗೇ ನಡೆದಾಗ, ಅಥವಾ ಬಂಧಿಸಬೇಕಾದವನು ಉದ್ಘೋಷಿತ (ತಲೆಮರೆಸಿಕೊಂಡವನೆಂದು ನ್ಯಾಯಾಲಯ ಘೋಷಿಸಿದ) ಅಪರಾಧಿಯಾಗಿದ್ದಾಗ ಮಾತ್ರ. ಹಾಗೆ ಹಿಡಿದವನನ್ನು ಅನಗತ್ಯವಾಗಿ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಆರು ಗಂಟೆ ವಿಚಾರಣೆಗೆ ಕೊಟ್ಟ ಸಮಯವಲ್ಲ, ಒಪ್ಪಿಸುವುದಕ್ಕೆ ಹಾಕಿದ ಮೇಲ್ಮಿತಿ. ಇನ್ನೂ ಒಂದು ಸೂಕ್ಷ್ಮವಿದೆ: ಸಾಮಾನ್ಯ ಕಳವಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಪ್ರಕರಣವನ್ನು ಹೊಸ ಸಂಹಿತೆ ಸಂಜ್ಞೇಯವಲ್ಲದ, ಜಾಮೀನು ಸಿಗುವ ಅಪರಾಧವಾಗಿ ವರ್ಗೀಕರಿಸಿದೆ. ಆದ್ದರಿಂದ ಅಂಗಡಿಯಲ್ಲಿ ಸೋಪು ಕದ್ದ ಹುಡುಗನನ್ನು ಹಿಡಿದಿಟ್ಟುಕೊಳ್ಳಲು ಗಾರ್ಡ್‌ಗೆ ಈ ಕಲಂ ನೆರವಾಗುವುದಿಲ್ಲ.

ಅಪಾರ್ಟ್‌ಮೆಂಟ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶವನ್ನೇ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಬಳೆ ಕಾಣೆಯಾಗಿದೆ, ಮನೆಕೆಲಸದ ಹೆಂಗಸಿನ ಮೇಲೆ ಅನುಮಾನ, ‘ಗಾರ್ಡ್ ರೂಮಿನಲ್ಲಿ ಕೂರಿಸಿ, ಬಾಯಿ ಬಿಡಿಸಿ’ ಎಂದು ನಿವಾಸಿಯೊಬ್ಬರು ಆಗ್ರಹಿಸುತ್ತಾರೆ. ಸಂಸ್ಥೆಯ ಮಾಲೀಕರು ಮಾಜಿ ಇನ್‌ಸ್ಪೆಕ್ಟರ್ ಎಂಬ ಕಾರಣಕ್ಕೇ ಈ ಆಗ್ರಹ ಹೆಚ್ಚಾಗಿರುತ್ತದೆ. ಹಾಗೆ ಕೂರಿಸಿದರೆ ಅದು ಅಕ್ರಮ ಬಂಧನ, ನ್ಯಾಯ ಸಂಹಿತೆಯ 127ನೇ ಕಲಂ ಅಡಿಯಲ್ಲಿ ಶಿಕ್ಷಾರ್ಹ. ಗಾರ್ಡ್ ಮಾಡಬೇಕಾದುದು 112ಕ್ಕೆ ಕರೆ ಮಾಡಿಸುವುದು, ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂಬ ನಮೂದನ್ನು ಕಾಪಾಡುವುದು, ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ನೋಡಿಕೊಳ್ಳುವುದು, ಇಷ್ಟೇ. ಚೀಲ ತಪಾಸಣೆಯೂ ಒಪ್ಪಿಗೆಯ ಮೇಲೆ ನಿಂತಿರಬೇಕು. ಒಳಬರಲು ತಪಾಸಣೆಗೆ ಒಪ್ಪಬೇಕೆಂಬ ಷರತ್ತನ್ನು ಗ್ರಾಹಕರು ಫಲಕದಲ್ಲಿ ಹಾಕಬಹುದು, ಒಪ್ಪದವರನ್ನು ಒಳಬಿಡದಿರಬಹುದು, ಮೈಮೇಲೆ ಕೈ ಹಾಕುವಂತಿಲ್ಲ. ಈ ಗೆರೆಯನ್ನು ಲಿಖಿತ ಸೂಚನೆಯಾಗಿ ಪ್ರತಿ ಸೈಟ್‌ಗೂ ಕೊಡಿ, ಗ್ರಾಹಕರಿಂದ ಅದಕ್ಕೆ ಸಹಿಯನ್ನೂ ಪಡೆಯಿರಿ.

ಇನ್ನು ನಿಮ್ಮ ನಿಜವಾದ ಬಂಡವಾಳದ ಬಗ್ಗೆ. ಕರ್ತವ್ಯದಲ್ಲಿರುವ ಗಾರ್ಡ್ ಒಂದು ನೋಟ್‌ಬುಕ್ ಮತ್ತು ಪೆನ್ನನ್ನು ಇಟ್ಟುಕೊಂಡಿರಬೇಕೆಂದು ಮಾದರಿ ನಿಯಮಗಳು ಹೇಳುತ್ತವೆ. ಅನೇಕ ಸೈಟ್‌ಗಳಲ್ಲಿ ಗೇಟಿನ ಸಂದರ್ಶಕರ ಪುಸ್ತಕ ಬಿಟ್ಟರೆ ಬೇರೆ ಬರಹವೇ ಇರುವುದಿಲ್ಲ. ಅಲ್ಲಿ ನೀವು ಬೇರೆಯವರಾಗಬಹುದು. ‘ರಾತ್ರಿ 2.10. ಹಿಂಬದಿ ಗೇಟಿನ ಬೀಗ ತೆರೆದಿತ್ತು. ಒಳಗೆ ಯಾರೂ ಕಾಣಲಿಲ್ಲ. 2.12ಕ್ಕೆ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. 2.30ಕ್ಕೆ ಅವರ ಎದುರು ಬೀಗ ಹಾಕಿದೆ. ಕೀಲಿ ಕಚೇರಿಯ ಹಲಗೆಯಲ್ಲಿ ಮೂರನೇ ಮೊಳೆಗೆ.’ ಈ ಐದು ಸಾಲು ಬರೆಯಬಲ್ಲ ಗಾರ್ಡ್ ನಿಮ್ಮನ್ನೂ, ಗ್ರಾಹಕರನ್ನೂ, ತನ್ನನ್ನೂ ಕಾಪಾಡುತ್ತಾನೆ. ಕಳವಾದ ಮೇಲೆ ಹೊಣೆ ಯಾರದು ಎಂಬ ಜಗಳದಲ್ಲಿ, ವಿಮೆಯ ಹಣ ಕೇಳುವಾಗ, ಪೊಲೀಸ್ ತನಿಖೆಯಲ್ಲಿ ನಿಲ್ಲುವುದು ಆ ಹೊತ್ತಿನಲ್ಲೇ ಬರೆದ ಮಾತು. ಠಾಣೆಯ ಡೈರಿ ಬರೆದು ಅನುಭವವಿರುವ ನಿಮಗೆ ಇದನ್ನು ಕಲಿಸುವುದು ಕಷ್ಟವಲ್ಲ. ಓದು ಬರಹ ಕಡಿಮೆ ಇರುವವರಿಗೆ ನಾಲ್ಕೇ ಅಂಶ ಕಲಿಸಿ: ಎಷ್ಟು ಹೊತ್ತಿಗೆ, ಎಲ್ಲಿ, ಏನು ಕಂಡಿತು, ಯಾರಿಗೆ ಹೇಳಿದೆ. ಅನುಮಾನ, ಅಭಿಪ್ರಾಯ ಬರೆಯುವುದು ಬೇಡ.

ಹಾಗೆಯೇ, ಕೊಟೇಶನ್ ಕೊಡುವ ಮೊದಲು ಸೈಟನ್ನು ಹಗಲೊಮ್ಮೆ, ನಡುರಾತ್ರಿಯ ನಂತರ ಒಮ್ಮೆ ನೀವೇ ನಡೆದು ನೋಡಿ. ಎಲ್ಲಿ ಬೆಳಕಿಲ್ಲ, ಯಾವ ಗೋಡೆಯ ಪಕ್ಕ ಮರವಿದೆ, ಗೇಟಿನ ಗಾರ್ಡ್‌ಗೆ ಶೌಚಾಲಯ ಎಷ್ಟು ದೂರ, ಅವನು ಅತ್ತ ಹೋದಾಗ ಗೇಟು ಯಾರ ಕೈಯಲ್ಲಿ? ಕೊನೆಯ ಎರಡು ಪ್ರಶ್ನೆಗಳನ್ನು ಕೇಳುವವರು ತೀರ ಕಡಿಮೆ, ಆದರೆ ಲೋಪಗಳು ಹುಟ್ಟುವುದು ಅಲ್ಲಿ. ಇದರ ಆಧಾರದ ಮೇಲೆ ಎರಡು ಪುಟದ ವರದಿ ಕೊಟ್ಟರೆ, ಬರೀ ತಲೆಗಿಷ್ಟು ದರ ಎಂದು ಬರೆದ ಕಾಗದಕ್ಕಿಂತ ಅದಕ್ಕೆ ತೂಕ ಹೆಚ್ಚು.

ದರ ಲೆಕ್ಕ ಹಾಕುವುದರಲ್ಲಿಯೇ ಸಂಸ್ಥೆಯ ನಡತೆ ತೀರ್ಮಾನವಾಗುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. 24 ಗಂಟೆ ಗಾರ್ಡ್ ಇರಬೇಕಾದ ಒಂದು ಪಾಯಿಂಟ್‌ಗೆ ಎಂಟು ಗಂಟೆಯ ಮೂರು ಶಿಫ್ಟ್‌ನಂತೆ 30 ದಿನದ ತಿಂಗಳಲ್ಲಿ 90 ಡ್ಯೂಟಿಗಳಾಗುತ್ತವೆ. ವಾರದ ರಜೆ ಕೊಟ್ಟರೆ ಒಬ್ಬ ಗಾರ್ಡ್ ಮಾಡುವುದು 26 ಡ್ಯೂಟಿ. ಅಂದರೆ ಒಂದು ಪಾಯಿಂಟ್‌ಗೆ ಸುಮಾರು ಮೂರೂವರೆ ಜನ ಬೇಕು, ರಜೆ, ಕಾಯಿಲೆ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಈ ಅರ್ಧ ಮನುಷ್ಯನೇ ರಿಲೀವರ್, ಅವನನ್ನು ದರದಲ್ಲಿ ಸೇರಿಸದವರು ಯಾರನ್ನಾದರೂ ಎರಡು ಶಿಫ್ಟ್ ನಿಲ್ಲಿಸಲೇಬೇಕಾಗುತ್ತದೆ. ಅನೇಕ ಸಂಸ್ಥೆಗಳು 12 ಗಂಟೆಯ ಎರಡು ಶಿಫ್ಟ್ ಹಾಕಿ ಅಗ್ಗದ ದರ ಕೊಡುತ್ತವೆ. ಕಾನೂನಿನ ಲೆಕ್ಕ ನೋಡಿ: ಎಂಟು ಗಂಟೆಯ ಮೇಲಿನ ನಾಲ್ಕು ಗಂಟೆಗೆ ದುಪ್ಪಟ್ಟು ಸಂಬಳ ಕೊಡಬೇಕಾದ್ದರಿಂದ 12 ಗಂಟೆಯ ಒಂದು ಶಿಫ್ಟ್‌ಗೆ 16 ಗಂಟೆಯ ಸಂಬಳ ಬೀಳುತ್ತದೆ, ಎರಡು ಶಿಫ್ಟ್‌ಗೆ 32 ಗಂಟೆಯದು. ಮೂರು ಶಿಫ್ಟ್‌ನಲ್ಲಿ ಅದೇ ಕೆಲಸಕ್ಕೆ 24 ಗಂಟೆಯ ಸಂಬಳ. ಸರಿಯಾಗಿ ಕೊಟ್ಟರೆ 12 ಗಂಟೆಯ ಪದ್ಧತಿ ಮೂರನೇ ಒಂದರಷ್ಟು ದುಬಾರಿ. ಅದು ಅಗ್ಗವಾಗಿ ಕಾಣುತ್ತಿದ್ದರೆ ಗಾರ್ಡ್‌ಗೆ ಸೇರಬೇಕಾದ ಓವರ್‌ಟೈಮ್ ಅವನಿಗೆ ಸೇರುತ್ತಿಲ್ಲ ಎಂದೇ ಅರ್ಥ. ನೀವು ಆ ಸ್ಪರ್ಧೆಗೆ ಇಳಿಯಬೇಡಿ.

ಕನಿಷ್ಠ ವೇತನ, ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಇವು ಸಂಸ್ಥೆಯ ಪ್ರಾಮಾಣಿಕತೆಯ ಮೊದಲ ಪರೀಕ್ಷೆ. 20 ಮಂದಿ ನೌಕರರಾದ ಕೂಡಲೇ ಪಿಎಫ್, 10 ಮಂದಿಗೆ ಇಎಸ್‌ಐ ಅನ್ವಯಿಸುತ್ತವೆ. ಪಿಎಫ್‌ನಲ್ಲಿ ನಿಮ್ಮ ಪಾಲು ಸಾಮಾನ್ಯವಾಗಿ ಶೇಕಡ 12, ಜೊತೆಗೆ ವಿಮೆ ಮತ್ತು ಆಡಳಿತ ವೆಚ್ಚ ಸೇರಿ ಶೇಕಡ 13ರಷ್ಟು. 21,000 ರೂಪಾಯಿವರೆಗಿನ ಸಂಬಳಕ್ಕೆ ಅನ್ವಯಿಸುವ ಇಎಸ್‌ಐಯಲ್ಲಿ ನಿಮ್ಮ ಪಾಲು ಶೇಕಡ 3.25, ಗಾರ್ಡ್‌ನದು 0.75. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಸಂಬಳವನ್ನು ಚೂರು ಚೂರು ಭತ್ಯೆಗಳಾಗಿ ಒಡೆದು ಪಿಎಫ್ ಉಳಿಸುವ ಹಳೆಯ ಅಭ್ಯಾಸಕ್ಕೆ ಇದರಿಂದ ತಡೆ ಬಿದ್ದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಗಾರ್ಡ್‌ನ ಕೈ ಸೇರಬೇಕು. ಪಸಾರಾ ಕಾಯ್ದೆಯ ಅನುಸೂಚಿಯಲ್ಲಿರುವ ಕಾರ್ಮಿಕ ಕಾನೂನುಗಳನ್ನು ಮುರಿದರೆ ಪರವಾನಗಿಯೇ ಹೋಗಬಹುದು ಎಂಬುದನ್ನು ಇಲ್ಲಿ ಸೇರಿಸಿ ಓದಿಕೊಳ್ಳಿ.

ಹಣ ಎಷ್ಟು ಬೇಕು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಈ 7ನೇ ತಾರೀಖಿನಲ್ಲಿದೆ. ಲೆಕ್ಕದ ಅನುಕೂಲಕ್ಕಾಗಿ 30 ಗಾರ್ಡ್‌ಗಳನ್ನೂ, ಸಂಬಳ, ಪಿಎಫ್, ಇಎಸ್‌ಐ, ರಿಲೀವರ್, ಸಮವಸ್ತ್ರ ಸೇರಿ ತಲೆಗೆ 25,000 ರೂಪಾಯಿ ವೆಚ್ಚವನ್ನೂ ಊಹಿಸಿಕೊಳ್ಳೋಣ. ತಿಂಗಳಿಗೆ ಏಳೂವರೆ ಲಕ್ಷ. ಇದರ ಮೇಲೆ ಶೇಕಡ 8 ಸರ್ವಿಸ್ ಚಾರ್ಜ್ ಸೇರಿಸಿದರೆ ಬಿಲ್ಲು 8,10,000, ಶೇಕಡ 18 ಜಿಎಸ್‌ಟಿ 1,45,800. ಏಪ್ರಿಲ್ ತಿಂಗಳ ಬಿಲ್ಲನ್ನು 30ರಂದು ಕೊಟ್ಟಿರಿ, ಗ್ರಾಹಕರು 45 ದಿನಗಳ ನಂತರ, ಅಂದರೆ ಜೂನ್ ಮಧ್ಯದಲ್ಲಿ ಹಣ ಕೊಡುತ್ತಾರೆ ಎನ್ನೋಣ. ಅಷ್ಟರಲ್ಲಿ ಮೇ ತಿಂಗಳಲ್ಲಿ ಏಪ್ರಿಲ್ ಸಂಬಳ, ಮೇ 20ರ ಹೊತ್ತಿಗೆ ಜಿಎಸ್‌ಟಿ, ಜೂನ್ 7ಕ್ಕೆ ಮೇ ಸಂಬಳ ನಿಮ್ಮ ಕೈಯಿಂದ ಹೋಗಿರುತ್ತದೆ, ಒಟ್ಟು ಸುಮಾರು 16 ಲಕ್ಷ 46 ಸಾವಿರ. ಗ್ರಾಹಕರು ಜುಲೈ 10ರವರೆಗೆ ಎಳೆದರೆ ಅದು 25 ಲಕ್ಷ ದಾಟುತ್ತದೆ. ಇಷ್ಟೆಲ್ಲ ಹೊತ್ತುಕೊಂಡು ತಿಂಗಳಿಗೆ ನಿಮಗೆ ಉಳಿಯುವುದು 60,000, ಅದರಲ್ಲಿಯೇ ಕಚೇರಿ ಬಾಡಿಗೆ, ಮೇಲ್ವಿಚಾರಕರ ಸಂಬಳ, ಓಡಾಟ. ಹೊಸ ಆರ್ಡರ್ ಬಂದಷ್ಟೂ ಈ ಹೊರೆ ಬೆಳೆಯುತ್ತದೆ. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಎರಡೂವರೆಯಿಂದ ಮೂರು ತಿಂಗಳ ಸಂಬಳ ಮತ್ತು ತೆರಿಗೆಯಷ್ಟು ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇರುವಷ್ಟೇ ಗಾರ್ಡ್‌ಗಳನ್ನು ತೆಗೆದುಕೊಳ್ಳಿ. ನಿವೃತ್ತಿಯ ಹಣದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಇದಕ್ಕೆ ಹಾಕಬೇಡಿ, ಪಿಂಚಣಿಯ ಮೇಲೆ ಸಾಲ ಮಾಡಬೇಡಿ. ಅಷ್ಟಕ್ಕೆ 12 ಗಾರ್ಡ್‌ಗಳೇ ಆಗುವುದಾದರೆ 12ರಿಂದಲೇ ಆರಂಭಿಸಿ.

ಈ ಹೊರೆಯನ್ನು ಹಗುರಗೊಳಿಸುವ ಕೆಲವು ದಾರಿಗಳಿವೆ. ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಸೂಕ್ಷ್ಮ, ಸಣ್ಣ ಉದ್ಯಮವಾಗಿ ನಿಮಗೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಸಿಗುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಗ್ರಾಹಕರು 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಜಿಎಸ್‌ಟಿಯಲ್ಲಿ ಇನ್ನೊಂದು ವಿಷಯವಿದೆ. ನಿಮ್ಮದು ಏಕಮಾಲೀಕತ್ವದ ಸಂಸ್ಥೆಯಾಗಿದ್ದು ಗ್ರಾಹಕರು ಜಿಎಸ್‌ಟಿ ನೋಂದಾಯಿತರಾಗಿದ್ದರೆ, 2019ರ ಜನವರಿ 1ರಿಂದ ಆ ತೆರಿಗೆಯನ್ನು ಗ್ರಾಹಕರೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾರೆ, ನೀವು ಮೊದಲೇ ಕೈಯಿಂದ ಹಾಕಬೇಕಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಈ ಅನುಕೂಲವಿಲ್ಲ. ಆದರೂ ನಾನು ಕಂಪನಿಯನ್ನೇ ಸೂಚಿಸುತ್ತೇನೆ. ಗಾರ್ಡ್‌ನ ನಿರ್ಲಕ್ಷ್ಯದಿಂದ ಲಕ್ಷಾಂತರ ರೂಪಾಯಿಯ ನಷ್ಟದ ದಾವೆ ಬಂದರೆ ಏಕಮಾಲೀಕತ್ವದಲ್ಲಿ ಮನೆಯೂ ಹೊಣೆಯೊಳಗೆ ಬರುತ್ತದೆ. ಪರವಾನಗಿ ಯಾವ ಹೆಸರಿಗೆ ಬಂದಿದೆಯೋ ಆ ಹೆಸರಿನಲ್ಲೇ ವ್ಯವಹಾರ ನಡೆಯಬೇಕಾದ್ದರಿಂದ ಈ ತೀರ್ಮಾನವನ್ನು ಅರ್ಜಿಗೆ ಮೊದಲೇ ಮಾಡಿ.

ಒಪ್ಪಂದದಲ್ಲಿ ‘ಆವರಣದಲ್ಲಿ ಏನೇ ಕಳವಾದರೂ ಸಂಸ್ಥೆಯೇ ಭರಿಸಬೇಕು’ ಎಂಬ ಸಾಲಿಗೆ ಸಹಿ ಹಾಕಬೇಡಿ. ಗಾರ್ಡ್‌ನ ಲೋಪ ಜಂಟಿ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ, ಒಂದು ಮಿತಿಯವರೆಗೆ ಮಾತ್ರ ಹೊಣೆ ಎಂದು ಬರೆಸಿ. ಆ ಮಿತಿಗೆ ತಕ್ಕ ವಿಮೆ ಮಾಡಿಸಿ. ಬಂದೂಕುಧಾರಿ ಗಾರ್ಡ್‌ಗಳು, ಎಟಿಎಂ ನಗದು ಸಾಗಣೆ ಇವನ್ನು ಮೊದಲ ಅವಧಿಯಲ್ಲಿ ದೂರವಿಡಿ. ಪಸಾರಾ ಪರವಾನಗಿ ಆಯುಧ ಪರವಾನಗಿಯಲ್ಲ, ಅದು ಆಯುಧ ಕಾಯ್ದೆಯ ಬೇರೆ ದಾರಿ. ನಗದು ಸಾಗಣೆಗೆ 2018ರ ಪ್ರತ್ಯೇಕ ನಿಯಮಗಳಿವೆ.

ನಿಮ್ಮ ಹಿನ್ನೆಲೆ ಗೊತ್ತಾದ ಕೂಡಲೇ ಬರುವ ಇನ್ನೊಂದು ಬಗೆಯ ಕೆಲಸವಿದೆ. ವ್ಯಾಜ್ಯದ ಜಮೀನಿನಲ್ಲಿ ನಾಲ್ಕು ಜನರನ್ನು ನಿಲ್ಲಿಸಿ ಎನ್ನುವವರು, ಬಾಡಿಗೆದಾರನನ್ನು ಎಬ್ಬಿಸಿ ಎನ್ನುವವರು, ಸಾಲ ವಸೂಲಿಗೆ ಬನ್ನಿ ಎನ್ನುವವರು, ಯಾರದೋ ಫೋನ್ ಕರೆಗಳ ವಿವರ ತೆಗೆಸಿಕೊಡಿ ಎನ್ನುವವರು. ಹಣ ಗಾರ್ಡ್ ಕೆಲಸಕ್ಕಿಂತ ಹೆಚ್ಚು ಸಿಗುತ್ತದೆ. ಒಂದನ್ನೂ ಒಪ್ಪಬೇಡಿ. ನ್ಯಾಯಾಲಯದ ಆದೇಶಕ್ಕೆ ವಿರುದ್ಧವಾಗಿ ನಡೆದುಕೊಳ್ಳುವುದು, ಅದಕ್ಕೆ ಯಾರಿಗಾದರೂ ನೆರವಾಗುವುದು ಪರವಾನಗಿ ರದ್ದತಿಗೆ ಕಾರಣ. ಕರೆ ವಿವರಗಳನ್ನು ಹಳೆಯ ಪರಿಚಯದಿಂದ ತೆಗೆಸುವುದು ನಿಮ್ಮನ್ನೂ, ತೆಗೆದುಕೊಟ್ಟ ಸಹೋದ್ಯೋಗಿಯನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಒಂದು ಜಮೀನಿನ ಸೈಟನ್ನು ಒಪ್ಪುವ ಮೊದಲು ಪಹಣಿಯನ್ನೂ, ನ್ಯಾಯಾಲಯದಲ್ಲಿ ದಾವೆ ಇದೆಯೇ ಎಂಬುದನ್ನೂ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಅದನ್ನು ನೋಡಲು ನಿಮಗೆ ಯಾರೂ ಕಲಿಸಬೇಕಿಲ್ಲ.

ಕೊನೆಯದಾಗಿ ಗೆಳೆಯರ ಪಾಲುದಾರಿಕೆ. ಸೇವೆಯಲ್ಲಿರುವವರು ಪಾಲುದಾರರಾಗುವಂತಿಲ್ಲ, ನಡತೆ ನಿಯಮಗಳು ಸರ್ಕಾರಿ ನೌಕರರಿಗೆ ಅನುಮತಿಯಿಲ್ಲದೆ ವ್ಯಾಪಾರ ನಡೆಸಲು ಬಿಡುವುದಿಲ್ಲ. ಪತ್ನಿಯ ಹೆಸರಿನಲ್ಲಿ ಷೇರು ಇಟ್ಟು ಗೆಳೆಯರೇ ಗ್ರಾಹಕರನ್ನು ತಂದುಕೊಡುವ ಏರ್ಪಾಡೂ ಅದೇ ನಿಯಮಗಳ ತೊಂದರೆಯೊಳಗೆ ಸಿಲುಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರ ಠಾಣಾ ವ್ಯಾಪ್ತಿಯ ಕಾರ್ಖಾನೆಯೊಂದು ನಿಮಗೆ ಆರ್ಡರ್ ಕೊಟ್ಟರೆ ಅದು ಇಷ್ಟಪಟ್ಟು ಕೊಟ್ಟದ್ದೋ, ಹೆದರಿ ಕೊಟ್ಟದ್ದೋ ಎಂದು ಯಾರೂ ಹೇಳಲಾಗದು. ಅವರು ನಿವೃತ್ತರಾದ ಮೇಲೆ ಬರಲಿ. ಆಗಲೂ ತಮ್ಮ ಸೇವಾ ನಿಯಮಗಳಲ್ಲಿ ನಿವೃತ್ತಿಯ ನಂತರದ ವಾಣಿಜ್ಯ ಉದ್ಯೋಗಕ್ಕೆ ಅನುಮತಿ ಬೇಕೇ ಎಂಬುದನ್ನು ನೋಡಿಕೊಳ್ಳಲಿ, ನೀವೂ ನಿಮ್ಮ ಮಟ್ಟಿಗೆ ಇದನ್ನು ಅರ್ಜಿಗೆ ಮೊದಲು ಇಲಾಖೆಯಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಅವರು ನಿರ್ದೇಶಕರಾಗಿ ಸೇರಿದಾಗ ಆ ಬದಲಾವಣೆಯನ್ನು ಏಳು ದಿನಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮಾದರಿ ನಿಯಮಗಳು ಹೇಳುತ್ತವೆ, ಅವರ ಪೂರ್ವಾಪರ ದಾಖಲೆಗಳನ್ನು ಅದಕ್ಕೆ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಿ.